ಮೂರೂ ಕಡೆ ಅರ್ಧ-ಅರ್ಧ: ಕ್ಯೂಬಿಟ್ ಅಳೆದ ನನ್ನ ಅನುಭವ

ಒಂದು ಕ್ಯೂಬಿಟ್ಟನ್ನು, ಅಂದರೆ ಕ್ವಾಂಟಂ ಕಂಪ್ಯೂಟರಿನ ಬಿಟ್ಟನ್ನು, ಎಕ್ಸ್, ವೈ, ಝಡ್ ಎಂಬ ಮೂರು ದಿಕ್ಕಿನಲ್ಲಿ ಮತ್ತೆ ಮತ್ತೆ ಅಳೆದೆ. ಮೂರೂ ಕಡೆ ಅರ್ಧ ಸೊನ್ನೆ, ಅರ್ಧ ಒಂದು. ಚೆನ್ನಾಗಿರುವ ಸ್ಥಿತಿ ಒಂದು ದಿಕ್ಕಿನಲ್ಲಾದರೂ ಒಂದು ಕಡೆ ವಾಲಲೇಬೇಕು. ಅಂದರೆ ನಾನು ಇಟ್ಟ ಸ್ಥಿತಿ ಪೂರ್ತಿ ಹಾಳು. ಮೆಷಿನ್ನೇ ಸರಿಯಿಲ್ಲ ಎಂದು ಬೈದುಕೊಂಡು ಮಲಗಿದೆ.

ಐಬಿಎಂ 2016ರಲ್ಲೇ ಕ್ವಾಂಟಂ ಕಂಪ್ಯೂಟರನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಹಾಗಾಗಿ ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತೂ ಅಳೆಯಬಹುದು, ಕರೆಂಟು, ನೆಟ್ಟು ಎರಡೂ ಇದ್ದರೆ. ಜುಲೈ ಮಳೆಯಲ್ಲಿ ಅವು ಒಟ್ಟಿಗೆ ಸಿಗುವುದು ಅಪರೂಪ.

ಸೂಪರ್‌ಕಂಡಕ್ಟಿಂಗ್ (ತಡೆಯಿಲ್ಲದೆ ಕರೆಂಟು ಹರಿಯುವ ಲೋಹದ) ಕ್ಯೂಬಿಟ್ಟನ್ನು ನೇರವಾಗಿ ಓದುವುದಿಲ್ಲ. ಪಕ್ಕದಲ್ಲೊಂದು ರೆಸೊನೇಟರ್, ಅಂದರೆ ತನ್ನದೇ ಶ್ರುತಿಯಲ್ಲಿ ಮಿಡಿಯುವ ಸರ್ಕ್ಯೂಟ್, ಇರುತ್ತದೆ. ಕ್ಯೂಬಿಟ್ ಸೊನ್ನೆಯಲ್ಲಿದ್ದರೆ ಅದಕ್ಕೊಂದು ಶ್ರುತಿ, ಒಂದರಲ್ಲಿದ್ದರೆ ತುಸು ಬೇರೆ ಶ್ರುತಿ. ಮೈಕ್ರೋವೇವ್ ಅಲೆ ಕಳಿಸಿ, ಮರಳಿ ಬಂದದ್ದರ ಫೇಸ್ (ಅಲೆಯ ಏರಿಳಿತ ಎಷ್ಟು ಹಿಂದೆ-ಮುಂದೆ ಸರಿದಿದೆ ಎಂಬುದು) ನೋಡಿ ಹೇಳುತ್ತಾರೆ. ಮಳೆಗಾಲದಲ್ಲಿ ಮದ್ದಳೆಯ ಶ್ರುತಿ ಇಳಿಯುತ್ತದಲ್ವಾ? ಥಂಡಿ ಎಷ್ಟಿದೆ ಅಂತ ಚರ್ಮವೇ ಹೇಳುತ್ತದೆ. ಹಾಗೇ ಇದು.

ಆದರೆ ಹೀಗೆ ಸಿಗುವುದು ಝಡ್ ದಿಕ್ಕಿನ ಉತ್ತರ ಮಾತ್ರ. ಎಕ್ಸ್ ಬೇಕಾದರೆ ಓದುವ ಮೊದಲು ಹ್ಯಾಡಮಾರ್ಡ್ ಎಂಬ ಗೇಟ್ (ಸ್ಥಿತಿಯನ್ನು ತಿರುಗಿಸುವ ಆದೇಶ) ಹಾಕಿ, ಎಕ್ಸನ್ನು ಝಡ್ ಕಡೆ ತಿರುಗಿಸಬೇಕು. ವೈ ಬೇಕಾದರೆ ಮೊದಲು ಎಸ್-ಡ್ಯಾಗರ್ ಎಂಬ ಇನ್ನೊಂದು ಗೇಟ್, ಆಮೇಲೆ ಹ್ಯಾಡಮಾರ್ಡ್.

ನಾನು ಉಲ್ಟಾ ಹಾಕಿದ್ದೆ! ಬೆಳಿಗ್ಗೆ ಕರೆಂಟಿಲ್ಲದೆ, ಹಳೇ ಪೇಪರಿನ ಅಂಚಿನಲ್ಲಿ ಬ್ಲಾಕ್ ಗೋಲ (ಕ್ಯೂಬಿಟ್ಟಿನ ಸ್ಥಿತಿಯನ್ನು ಬಾಣವಾಗಿ ತೋರಿಸುವ ಗೋಲ) ಗೀಚುತ್ತಾ ಕೂತಾಗ ಹೊಳೆಯಿತು. ಎಸ್-ಡ್ಯಾಗರ್ ಕೊನೆಗೆ ಬಂದರೆ ಕ್ಯೂಬಿಟ್ಟಿನ ಫೇಸ್ ಬದಲಾಗುತ್ತದೆ, ಅಂದರೆ ಬಾಣ ಝಡ್ ಸುತ್ತ ತಿರುಗುತ್ತದೆ, ಎಣಿಕೆ ಬದಲಾಗುವುದಿಲ್ಲ. ಅಂದರೆ ವೈ ಅಂದುಕೊಂಡು ಎಕ್ಸನ್ನೇ ಎರಡು ಸಲ ಅಳೆದಿದ್ದೆ. ನಾನು ಇಟ್ಟ ಸ್ಥಿತಿಯೋ ವೈ ದಿಕ್ಕಿನದು. ಉಳಿದೆರಡು ಕಡೆ ಅರ್ಧ-ಅರ್ಧವೇ ಬರಬೇಕು. ಪಾಪ, ಮೆಷಿನ್ನು ಸರಿಯಾಗಿಯೇ ಇತ್ತು.

ತಿದ್ದಿ ಮತ್ತೆ ಕಳಿಸಿದೆ, ದಿಕ್ಕಿಗೆ 4096 ಸಲ. ವೈ ಚೆನ್ನಾಗಿ ಬಂತು. ಆದರೆ ಎಕ್ಸ್, ಝಡ್ ಎರಡೂ ಸೊನ್ನೆಯ ಕಡೆ ವಾಲಿದ್ದವು. 4096ರಲ್ಲಿ ಸುಮಾರು 32 ಎಣಿಕೆ ಆಚೀಚೆ ಆಗುವುದು ಸಹಜ. ಇದು ಅದಕ್ಕಿಂತ ಜಾಸ್ತಿ. ಓದುವಷ್ಟರಲ್ಲೇ ಕೆಲವು ಒಂದುಗಳು ಶಕ್ತಿ ಕಳೆದುಕೊಂಡು ಸೊನ್ನೆಗೆ ಬಿದ್ದಿರುತ್ತವೆ. ಅದಕ್ಕೇ ಬರೀ ಸೊನ್ನೆ ಇಟ್ಟು, ಬರೀ ಒಂದು ಇಟ್ಟು ಓದಿಸಿ, ಎಷ್ಟು ತಪ್ಪುತ್ತದೆ ಎಂದು ನೋಡಿದೆ. ಎರಡರಲ್ಲೂ ಸೊನ್ನೆ ಎಷ್ಟು, ಒಂದು ಎಷ್ಟು ಬಂತು ಎಂಬ ನಾಲ್ಕು ಸಂಖ್ಯೆಗಳ ಮ್ಯಾಟ್ರಿಕ್ಸನ್ನು (ಅಡ್ಡ-ಉದ್ದ ಸಾಲಿನ ಪಟ್ಟಿಯನ್ನು) ಉಲ್ಟಾ ಮಾಡಿ, ಅಂದರೆ ಇನ್ವರ್ಸ್ ತೆಗೆದು, ಎಣಿಕೆ ತಿದ್ದಿದೆ. ಇದನ್ನು ಅದೇ ದಿನ ಮಾಡಬೇಕು. ಹಳೆಯ ಅಳತೆ ನಂಬಬೇಡಿ, ಮೆಷಿನ್ನಿನ ಸ್ವಭಾವ ದಿನದಿನಕ್ಕೆ ಬದಲಾಗುತ್ತದೆ.

ತಿದ್ದಿದ ಮೇಲೆ, ಮೂರೂ ದಿಕ್ಕಿನ ಅಳತೆ ಸೇರಿಸಿ ಬರೆದ ಬಾಣದ ಉದ್ದ, ಗೋಲದ ತ್ರಿಜ್ಯವಾದ ಒಂದಕ್ಕಿಂತ ಕೂದಲೆಳೆ ಜಾಸ್ತಿ ಬಂತು. ಗೋಲದಿಂದ ತಲೆ ಹೊರಗೆ ಹಾಕಿದ ಕ್ಯೂಬಿಟ್! ಎಣಿಕೆಯ ಏರುಪೇರಿನಿಂದ ಹೀಗಾಗುತ್ತದೆ. ಗೋಲದೊಳಗೇ ಉಳಿಯುವ ಉತ್ತರ ಹುಡುಕುವ ಲೆಕ್ಕ ಬೇರೆ ಇದೆ. ಅಷ್ಟರಲ್ಲಿ ನೆಟ್ಟು ಹೋಯಿತು.