ಪಾರ್ಕಿಗೆ ಹೋಗಿ ಎಂದರೆ ಸಾಲದು

ನಾನು ಆಪ್ತಸಮಾಲೋಚಕಿ. ಖಿನ್ನತೆ, ಆತಂಕ, ನಿದ್ದೆ ಬಾರದ ತೊಂದರೆ ಎಂದು ಬರುವವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಅವರು ನನ್ನ ಬಳಿ ಬರುವಷ್ಟರಲ್ಲಿ ಮನೆಯವರೋ ಸ್ನೇಹಿತರೋ "ಒಳಗೇ ಕೂತರೆ ಇನ್ನೇನಾಗುತ್ತೆ, ಹೊರಗೆ ಹೋಗಿ ನಾಲ್ಕು ಹೆಜ್ಜೆ ಹಾಕಿ ಬಾ" ಎಂದು ಹೇಳಿಯಾಗಿರುತ್ತದೆ. ಸಲಹೆಯೇನೋ ಸರಿಯಾದದ್ದೇ. ಆದರೆ ಹಲ್ಲುಜ್ಜುವುದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಸ್ಥಿತಿಯಲ್ಲಿರುವವರಿಗೆ ಅದೂ ಒಂದು ಸೋಲಾಗಿಬಿಡುತ್ತದೆ: ಇಷ್ಟು ಸಣ್ಣದೂ ನನ್ನಿಂದ ಆಗಲಿಲ್ಲವಲ್ಲ ಎಂದು. ಹಸಿರು ಮನಸ್ಸಿಗೆ ಒಳ್ಳೆಯದು ಎಂಬುದನ್ನು ಒಪ್ಪದವರು ನನಗೆ ಸಿಕ್ಕಿಲ್ಲ. ಒಪ್ಪಿಯೂ ಹೋಗಲಾಗದವರನ್ನು ಅಲ್ಲಿಗೆ ತಲುಪಿಸುವುದು ಹೇಗೆ ಎಂಬುದೇ ಪ್ರಶ್ನೆ. ನಾನು ಅದನ್ನು ಮಾಡುತ್ತಾ ಬಂದಿರುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಈ ವಿಷಯವನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದು ಹಳೆಯ ಒಂದು ಅಧ್ಯಯನದಿಂದ. ಅಮೆರಿಕದ ಸಂಶೋಧಕ ರಾಜರ್ ಉಲ್ರಿಕ್ 1984ರಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಅವರು ತೆಗೆದು ನೋಡಿದರು. ಕೆಲವರ ಹಾಸಿಗೆ ಪಕ್ಕದ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರು ತೆಗೆದುಕೊಂಡ ಬಲವಾದ ನೋವುನಿವಾರಕಗಳೂ ಕಡಿಮೆ. ಒಟ್ಟು 46 ರೋಗಿಗಳ ಚಿಕ್ಕ ಅಧ್ಯಯನ, ಇದರ ಮೇಲೆ ದೊಡ್ಡ ಮಾತು ಕಟ್ಟಬಾರದು ನಿಜ. ಆದರೂ ಓದಿ ಮುಗಿಸಿ ತಲೆಯೆತ್ತಿದಾಗ ಕಂಡಿದ್ದು ನನ್ನ ಕೋಣೆಯ ಕಿಟಕಿ. ಅದರಾಚೆ ಪಕ್ಕದ ಕಟ್ಟಡದ ನೀರಿನ ಪೈಪುಗಳು. ವರ್ಷಗಟ್ಟಲೆ ಜನ ಆ ಪೈಪುಗಳನ್ನೇ ನೋಡುತ್ತಾ ತಮ್ಮ ಕಷ್ಟ ಹೇಳಿಕೊಂಡಿದ್ದರು.

ಹಸಿರು ಒಳಗೆ ಏನು ಮಾಡುತ್ತದೆ ಎಂಬುದಕ್ಕೆ ನನ್ನ ಕೆಲಸಕ್ಕೆ ಹೆಚ್ಚು ಒದಗುವ ವಿವರಣೆ ಮನೋವಿಜ್ಞಾನಿಗಳಾದ ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಯದು. ನಗರದಲ್ಲಿ ಗಮನವನ್ನು ನಾವು ಬಲವಂತವಾಗಿ ಹಿಡಿದಿಟ್ಟಿರುತ್ತೇವೆ: ಹಾರ್ನ್, ಸಿಗ್ನಲ್, ಫೋನು, ಎದುರಿಗೆ ನುಗ್ಗಿ ಬರುವ ಗಾಡಿ. ಬೇಡದ್ದನ್ನು ತಳ್ಳಿ ಬೇಕಾದ್ದರ ಮೇಲೆ ಗಮನ ನಿಲ್ಲಿಸುವ ಈ ಶಕ್ತಿ ದಣಿಯುತ್ತದೆ. ದಣಿದಾಗ ಸಿಡುಕು, ಮರೆವು, ಯಾವುದನ್ನೂ ನಿರ್ಧರಿಸಲಾಗದ ಗೊಂದಲ. ಎಲೆ ಅಲುಗುವುದು, ಮೋಡ ಸರಿಯುವುದು, ಅಳಿಲು ಓಡುವುದು ಗಮನವನ್ನು ಸೆಳೆಯುತ್ತವೆ, ಆದರೆ ಹಿಂಡುವುದಿಲ್ಲ. ಆ ಹೊತ್ತಿನಲ್ಲಿ ದಣಿದ ಭಾಗಕ್ಕೆ ಬಿಡುವು ಸಿಗುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಅಧ್ಯಯನ 2015ರದ್ದು. ಗ್ರೆಗರಿ ಬ್ರಾಟ್‌ಮನ್ ಮತ್ತು ಜೊತೆಗಾರರು 38 ಜನರಲ್ಲಿ ಅರ್ಧದಷ್ಟು ಮಂದಿಯನ್ನು ಹಸಿರಿನ ನಡುವೆ, ಉಳಿದವರನ್ನು ವಾಹನ ತುಂಬಿದ ರಸ್ತೆಯ ಪಕ್ಕ, 90 ನಿಮಿಷ ನಡೆಸಿದರು. ಹಸಿರಲ್ಲಿ ನಡೆದವರಿಗೆ ಆದದ್ದನ್ನೇ ತಿರುಗಿಸಿ ತಿರುಗಿಸಿ ಕೊರಗುವುದು ಕಡಿಮೆಯಾಯಿತು, ಮಿದುಳಿನಲ್ಲಿ ಆ ಕೊರಗಿಗೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆಯೂ ಇಳಿಯಿತು. ರಸ್ತೆ ಪಕ್ಕ ನಡೆದವರಲ್ಲಿ ಹಾಗಾಗಲಿಲ್ಲ. ಅಂದರೆ ನಡಿಗೆಯೊಂದೇ ಕಾರಣವಲ್ಲ. "ನಾನು ಮನೆ ಟೆರೇಸಿನಲ್ಲೇ ಸುತ್ತು ಹಾಕ್ತೀನಿ, ಸಾಕಲ್ವಾ?" ಎಂದು ಕೇಳುವವರಿಗೆ ನಾನು ಇದನ್ನು ಹೇಳುತ್ತೇನೆ. ಟೆರೇಸು ಬೇಡ ಅಂತಲ್ಲ. ಕೊರಗು ಹೆಚ್ಚಿರುವವರು ಟೆರೇಸಿನಲ್ಲಿ ಸುತ್ತುತ್ತಾ ಸುತ್ತುತ್ತಾ ಅದನ್ನೇ ಇನ್ನಷ್ಟು ಅರೆಯುತ್ತಿರುತ್ತಾರೆ.

ಈಗ ನಾನು ಮಾಡುವ ಕ್ರಮಕ್ಕೆ ಬರುತ್ತೇನೆ. ಮೊದಲು ಪಾರ್ಕಿನ ಹೆಸರೇ ಎತ್ತುವುದಿಲ್ಲ. ಒಂದು ಹಾಳೆ ಕೊಟ್ಟು, ಮನೆಯಿಂದ ಅವರು ವಾರದಲ್ಲಿ ಹೇಗೂ ಹೋಗಿಬರುವ ದಾರಿಗಳನ್ನು ಗೀಚಿ ತೋರಿಸಿ ಎನ್ನುತ್ತೇನೆ. ಅಂಗಡಿ, ಬಸ್ ಸ್ಟಾಪು, ಮಕ್ಕಳ ಶಾಲೆ, ಬ್ಯಾಂಕು. ಆಮೇಲೆ ಅದೇ ಹಾಳೆಯ ಮೇಲೆ ಮರ ಎಲ್ಲೆಲ್ಲಿದೆ ಎಂದು ಗುರುತು ಹಾಕಿಸುತ್ತೇನೆ. ಬಹಳ ಸಲ ಇಲ್ಲಿ ಅವರೇ ನಿಲ್ಲುತ್ತಾರೆ, ಏಕೆಂದರೆ ದಿನಾ ಹಾಯುವ ದಾರಿಯ ಮರಗಳು ನೆನಪಿಗೆ ಬರುವುದಿಲ್ಲ. "ನೋಡಿಕೊಂಡು ಬನ್ನಿ, ಮುಂದಿನ ಸಲ ಹಾಕೋಣ" ಎಂದು ಬಿಡುತ್ತೇನೆ. ಮೊದಲ ಹೋಂವರ್ಕ್ ಅಲ್ಲಿಗೇ ಮುಗಿದಿರುತ್ತದೆ.

ದೂರದ ಚೆಂದದ ಉದ್ಯಾನಕ್ಕಿಂತ ಹತ್ತಿರದ ಸಾಧಾರಣ ಜಾಗವನ್ನೇ ಆರಿಸುತ್ತೇನೆ. ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಮುಂದಿಟ್ಟ 3-30-300 ಎಂಬ ಸೂತ್ರವಿದೆ: ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಬಡಾವಣೆಯ 30 ಶೇಕಡಾ ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರ್ ಒಳಗೆ ಪಾರ್ಕು ಸಿಗಬೇಕು. ಇದು ನಗರ ಯೋಜಕರಿಗೆ ಹೇಳಿದ್ದು. ಆದರೆ ಖಿನ್ನತೆಯಲ್ಲಿರುವವರ ಮಟ್ಟಿಗೆ ಕೊನೆಯ ಸಂಖ್ಯೆ ಎಷ್ಟು ನಿಜ ಎಂಬುದನ್ನು ನಾನು ನೋಡಿದ್ದೇನೆ. ಗಾಡಿ ತೆಗೆಯಬೇಕು, ಬಟ್ಟೆ ಬದಲಿಸಬೇಕು ಎಂದಾದ ಕ್ಷಣ ಅವರು ಮತ್ತೆ ಮಲಗುತ್ತಾರೆ. ಮನೆಯ ಚಪ್ಪಲಿಯಲ್ಲೇ ಹೋಗಿಬರುವಂತಿದ್ದರೆ ಹೋಗುತ್ತಾರೆ.

ಎಷ್ಟು ಹೊತ್ತು? ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಟ್ಟು 120 ನಿಮಿಷ ಅಥವಾ ಹೆಚ್ಚು ಪ್ರಕೃತಿಯಲ್ಲಿ ಕಳೆದವರು ಆರೋಗ್ಯ ಚೆನ್ನಾಗಿದೆ, ನೆಮ್ಮದಿಯಾಗಿದ್ದೇವೆ ಎಂದು ಹೇಳುವ ಸಾಧ್ಯತೆ ಹೆಚ್ಚಿತ್ತು. ಒಂದೇ ಸಲ ಕಳೆದರೂ ಸರಿ, ಬಿಡಿಬಿಡಿಯಾಗಿ ಕಳೆದರೂ ಸರಿ. ನಾನು ಮೊದಲಿಗೆ ಈ 120ನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹತ್ತು ನಿಮಿಷ ಕೂತು ಬನ್ನಿ, ನಡೆಯುವುದು ಬೇಡ ಎನ್ನುತ್ತೇನೆ. "ಬೇಡ" ಎಂಬ ಮಾತು ಕೇಳಿ ಮುಖ ಸಡಿಲವಾಗುವುದನ್ನು ನೋಡಬೇಕು.

ಕೆಲಸ ಕಳೆದುಕೊಂಡ ಮಧ್ಯವಯಸ್ಸಿನವರೊಬ್ಬರು ಇದನ್ನು ಕೇಳಿ, "ಬೆಂಚಿನ ಮೇಲೆ ಕೂತು ಏನು ಮಾಡಲಿ ಮೇಡಂ? ನೋಡಿದವರು ಏನಂದುಕೊಳ್ಳಲ್ಲ?" ಎಂದರು. ನ್ಯಾಯವಾದ ಪ್ರಶ್ನೆ. ಬೆಳಗ್ಗೆ ಹನ್ನೊಂದಕ್ಕೆ ಪಾರ್ಕಿನಲ್ಲಿ ಸುಮ್ಮನೆ ಕೂತ ಗಂಡಸನ್ನು ಲೋಕ ಒಂದು ಥರಾ ನೋಡುತ್ತದೆ. "ಬಂದು ನನಗೆ ಮೂರು ಸಂಗತಿ ಹೇಳಿ, ಅಲ್ಲಿ ಕಂಡದ್ದು. ಅಷ್ಟೇ ಕೆಲಸ" ಎಂದೆ. ಮೊದಲ ವಾರದ ವರದಿ: ಬೆಂಚು ಮುರಿದಿದೆ, ಕಸದ ಡಬ್ಬಿ ತುಂಬಿ ಚೆಲ್ಲಿದೆ, ಒಂದು ನಾಯಿ ಮಲಗಿತ್ತು. ಮುಂದಿನ ಸಲ: ಮರದ ಬೇರು ಕಾಲುದಾರಿಯ ಸಿಮೆಂಟ್ ಕಲ್ಲನ್ನು ಎತ್ತಿಹಾಕಿದೆ, ಆ ಸಂದಿನಿಂದ ಇರುವೆ ಸಾಲು ಹೊರಟು ಕಾಂಡ ಹತ್ತುತ್ತದೆ. ಅದಾದ ಮೇಲೆ ಬಂದಾಗ ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು. ಕಾಂಡದ ಮೇಲೆ ಮುಷ್ಟಿಯಷ್ಟು ದಪ್ಪದ ಗಂಟೊಂದಿದೆಯಂತೆ. ಇರುವೆಗಳು ಅಲ್ಲಿವರೆಗೆ ನೆಟ್ಟಗೆ ಬಂದು, ಗಂಟಿನ ಎಡಗಡೆಯಿಂದ ಮಾತ್ರ ಬಳಸಿ ಹೋಗುತ್ತವಂತೆ, ಬಲಗಡೆ ಒಂದೂ ಇಲ್ಲ. ಬಲಗಡೆ ಅಂಟು ಒಸರುತ್ತಿರಬಹುದು, ಮುಟ್ಟಿ ನೋಡಿದೆ, ಸ್ವಲ್ಪ ಜಿಗುಟಿತ್ತು ಎಂದರು. ಎದ್ದು ನಿಂತು, ಮುಟ್ಟಿ ನೋಡಿದ್ದಾರೆ! ನಾನು ಅದಕ್ಕೆ ಯಾವ ಅರ್ಥವನ್ನೂ ಹಚ್ಚಲಿಲ್ಲ. ಅವರ ಮಾತ್ರೆ ಮುಂದುವರಿದಿತ್ತು, ನಿದ್ದೆ ಸರಿಯಾಗಲು ಇನ್ನೂ ಕಾಲ ಹಿಡಿಯಿತು. ಆದರೆ ನಮ್ಮ ಮಾತುಕತೆಯಲ್ಲಿ ತನ್ನ ಸೋಲಿನ ಹೊರತಾದ ವಿಷಯವೊಂದನ್ನು ಅವರಾಗಿಯೇ ತಂದದ್ದು ಆ ದಿನ.

ಕೆಲವರ ಜೊತೆ ಸೆಷನ್ನನ್ನೇ ಪಾರ್ಕಿನಲ್ಲಿ ನಡೆಯುತ್ತಾ ಮಾಡುತ್ತೇನೆ. ಎದುರುಬದುರು ಕೂತಾಗ ಬಾರದ ಮಾತು ಪಕ್ಕಪಕ್ಕ ನಡೆಯುವಾಗ ಬರುತ್ತದೆ, ಹದಿಹರೆಯದವರಲ್ಲಂತೂ ಇದು ಕಣ್ಣಿಗೆ ಕಾಣುವಷ್ಟು. ಮಾತು ನಿಂತರೂ ಕೋಣೆಯ ಮೌನದಷ್ಟು ಕಿರಿಕಿರಿಯಿಲ್ಲ. ಇದಕ್ಕೆ ಮೊದಲು ಒಪ್ಪಿಗೆ ಪಡೆಯಬೇಕು, ಗೌಪ್ಯತೆಯ ಬಗ್ಗೆ ಬಿಡಿಸಿ ಮಾತಾಡಬೇಕು. ಪರಿಚಯದವರು ಎದುರಾದರೆ ನನ್ನನ್ನು ಯಾರು ಎಂದು ಹೇಳುತ್ತೀರಿ, ಅಳು ಬಂದರೆ ಎಲ್ಲಿ ಕೂರೋಣ, ಇವೆರಡನ್ನು ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳುತ್ತೇವೆ. ವಾಕಿಂಗ್‌ನವರು ಗುಂಪುಗುಂಪಾಗಿ ಬರುವ ಹೊತ್ತು ಬಿಟ್ಟು ಸಮಯ ಇಡುತ್ತೇನೆ. ಆಘಾತದ ನೆನಪುಗಳನ್ನು ಕೆದಕುವ ಕೆಲಸವಿದ್ದರೆ ಹೊರಗೆ ಮಾಡುವುದೇ ಇಲ್ಲ, ಅದಕ್ಕೆ ಬಾಗಿಲು ಮುಚ್ಚಿದ ಕೋಣೆಯೇ ಸರಿ.

ಯಾವ ಹಸಿರು ಎಂಬುದೂ ಮುಖ್ಯ. ಆಸ್ಟ್ರೇಲಿಯಾದ ಮೂರು ನಗರಗಳಲ್ಲಿ 45 ವರ್ಷ ಮೀರಿದ 46,786 ಜನರನ್ನು ಹಲವು ವರ್ಷಗಳ ಅಂತರದಲ್ಲಿ ಎರಡು ಸಲ ವಿಚಾರಿಸಿದ ಅಧ್ಯಯನವೊಂದಿದೆ. ಸುತ್ತಮುತ್ತ 30 ಶೇಕಡಾ ಅಥವಾ ಹೆಚ್ಚು ಮರದ ನೆರಳಿದ್ದವರಲ್ಲಿ ಮಾನಸಿಕ ಯಾತನೆ ಹೊಸದಾಗಿ ಕಾಣಿಸಿಕೊಳ್ಳುವ ಸಂಭವ, ನೆರಳು 10 ಶೇಕಡಾಕ್ಕಿಂತ ಕಡಿಮೆ ಇದ್ದವರಿಗಿಂತ 31 ಶೇಕಡಾ ಕಡಿಮೆಯಿತ್ತು. ಬರೀ ಹುಲ್ಲುಹಾಸಿಗೆ ಈ ಲಾಭ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಅನ್ನಿಸಲಿಲ್ಲ. ಸುತ್ತ ಬೇಲಿ, ನಡುವೆ ಕಾಲಿಡಬಾರದ ಹುಲ್ಲು, ಬಿಸಿಲಿಗೆ ಕಾದ ಕಲ್ಲಿನ ಬೆಂಚು ಇರುವ ಜಾಗಕ್ಕೆ ಯಾರನ್ನು ಕಳಿಸಲಿ? ನೆರಳು, ಒರಗಿ ಕೂರಲು ಬೆಂಚು, ಶೌಚಾಲಯ, ದೀಪ. ವಯಸ್ಸಾದವರು ಪಾರ್ಕಿಗೆ ಹೋಗುವುದನ್ನು ಬಿಡಲು ಕಾರಣ ಬಹುಪಾಲು ಶೌಚಾಲಯ ಇಲ್ಲದಿರುವುದು. ಅದನ್ನು ಅವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಹಸಿರಿದ್ದಲ್ಲಿ ಉಳ್ಳವರಿರುತ್ತಾರೆ, ನೆಮ್ಮದಿ ಹಣದಿಂದ ಬಂದದ್ದಿರಬಾರದೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಅದಕ್ಕೇ ಅಮೆರಿಕದ ಫಿಲಡೆಲ್ಫಿಯಾ ನಗರದ ಪ್ರಯೋಗ ನನಗೆ ಮುಖ್ಯ. ಅಲ್ಲಿ ಪಾಳುಬಿದ್ದ 541 ನಿವೇಶನಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಕಿ, ಕೆಲವು ಮರ ನೆಟ್ಟು, ಕಟ್ಟಿಗೆಯ ಗಿಡ್ಡ ಬೇಲಿ ಕಟ್ಟಿದರು. ಇನ್ನೊಂದರಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು. ಹಾಗೇ ಬಿಟ್ಟ ಜಾಗಗಳ ಸುತ್ತಲಿನವರಿಗೆ ಹೋಲಿಸಿದರೆ, ಹಸಿರು ಮಾಡಿದ ಕಡೆ ಮನಸ್ಸು ಕುಗ್ಗಿದೆ ಎನ್ನುವವರ ಪ್ರಮಾಣ 41.5 ಶೇಕಡಾ ಇಳಿದಿತ್ತು. ಬರೀ ಕಸ ತೆಗೆದ ಕಡೆ ಗಮನಾರ್ಹ ಬದಲಾವಣೆ ಇರಲಿಲ್ಲ. ಅಲ್ಲಿ ಹುಲ್ಲಿಗೂ ಬೆಲೆ ಬಂತಲ್ಲ ಎಂದರೆ ಹೌದು. ಪಾಳು ಜಾಗದ ಎದುರು ಬದುಕುವವರಿಗೆ ಅದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬುದೇ ದೊಡ್ಡದು ಎಂದು ನನ್ನ ಊಹೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಬಯಲಿನಲ್ಲಿ ಎದೆ ಹೊಡೆದುಕೊಂಡು ಪ್ಯಾನಿಕ್ ಬರುವವರಿಗೆ ಮೊದಲು ಆ ಭಯಕ್ಕೇ ಚಿಕಿತ್ಸೆ ಬೇಕು. ಒಂಟಿ ಹೆಣ್ಣುಮಕ್ಕಳಿಗೆ ನಿರ್ಜನ ಉದ್ಯಾನ ಎಚ್ಚರ ತಪ್ಪದೆ ಇರಬೇಕಾದ ಜಾಗ, ವಿಶ್ರಾಂತಿಯದ್ದಲ್ಲ. ಅವರಿಗೆ ಗಿಜಿಗುಟ್ಟುವ ರಸ್ತೆಯ ಸಾಲುಮರದ ಕೆಳಗಿನ ಬೆಂಚೇ ವಾಸಿ. ಸಾಯುವ ಯೋಚನೆ ಬರುತ್ತಿದೆ ಎನ್ನುವವರನ್ನು ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು, ಮರ ಆಮೇಲೆ. ಪಾರ್ಕಿಗೆ ಹೋಗುತ್ತಿದ್ದೇನೆ, ಇನ್ನು ಮಾತ್ರೆ ಬಿಡಲೇ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಬರೆದುಕೊಟ್ಟ ವೈದ್ಯರನ್ನು ಕೇಳದೆ ಒಂದನ್ನೂ ಬಿಡಬೇಡಿ.

ಮಳೆ ಹಿಡಿದಾಗ ಈ ಅಭ್ಯಾಸ ತಪ್ಪುವುದೇ ಹೆಚ್ಚು, ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ. ಅದಕ್ಕೆ ಮೊದಲೇ ಮಾತಾಡಿಟ್ಟಿರುತ್ತೇನೆ: ಅಂಥ ದಿನ ಅದೇ ಸಮಯಕ್ಕೆ, ಮರ ಕಾಣುವ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಹತ್ತು ನಿಮಿಷ, ಫೋನು ಬೇರೆ ಕೋಣೆಯಲ್ಲಿ. ಕಿಟಕಿಯಿಂದ ಯಾವ ಮರವೂ ಕಾಣದವರು ಮಳೆ ಬಿಡುವು ಕೊಟ್ಟಾಗ ಬಸ್ ಸ್ಟಾಪಿನ ಮರದವರೆಗೆ ಹೋಗಿ, ಒಂದು ಬಸ್ಸು ಬಿಟ್ಟು ಇನ್ನೊಂದು ಬರುವವರೆಗೆ ನಿಂತು ಬರುತ್ತಾರೆ. ಬಸ್ ಸ್ಟಾಪಿನಲ್ಲಿ ನಿಂತವರನ್ನು ಯಾಕೆ ನಿಂತಿರಿ ಎಂದು ಯಾರೂ ಕೇಳುವುದಿಲ್ಲವಲ್ಲ.