ಸ್ಪೀಕರ್ ಕರಕರ ಅಂದರೆ ಮೊದಲು ವೈರ್ ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪುಟ್ಟ ಸ್ಟೀರಿಯೋದ ಒಂದು ಸ್ಪೀಕರ್ ಕರಕರ ಅನ್ನತೊಡಗಿತು. ಹಿಂದಿನ ವೈರ್ ಬಿಚ್ಚಿ ನೋಡಿದರೆ ತಾಮ್ರದ ಎಳೆಗಳೆಲ್ಲ ಹಸಿರುಗಟ್ಟಿವೆ! ಕಾರವಾರದ ಉಪ್ಪುಗಾಳಿ ಅಲ್ವಾ. ಪ್ಲಗ್ ತೆಗೆದು, ಆ ತುದಿ ಕತ್ತರಿಸಿ, ಅರ್ಧ ಇಂಚು ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿದೆ. ದನಿ ಮೊದಲಿನ ಹಾಗೇ ಬಂತು. ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು, ಆಂಪ್ಲಿಫೈಯರ್ ಸುಟ್ಟೀತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿನದು ಮಾತ್ರ ಅದಲುಬದಲಾದರೆ ಯಕ್ಷಗಾನ ಹಾಕಿದಾಗ ಮದ್ದಳೆಯ ಗುಂಯ್ ಅನ್ನುವ ದನಿಯೇ ತೆಳ್ಳಗಾಗುತ್ತದೆ.

ಸ್ಪೀಕರನ್ನು ಮೂಲೆಗೆ ಒತ್ತಿ ಇಡಬೇಡಿ, ಗೋಡೆಯಿಂದ ಒಂದು ಗೇಣಾದರೂ ಬಿಡಿ. ಮೂಲೆಯಲ್ಲಿ ಬೇಸ್ ಜಾಸ್ತಿಯಾಗಿ ಭಾಗವತರ ಪದ ಸ್ಪಷ್ಟವಾಗಿ ಕೇಳುವುದಿಲ್ಲ. ಗುಡುಗು ಬರುವ ಹಾಗಿದ್ದರೆ ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಶುರುವಾಗುವ ಮೊದಲೇ ಪ್ಲಗ್ಗನ್ನೇ ಕೀಳಿ.