ಮಾಲೀಕರು ಮನೆ ನೋಡಲು ಬಂದರೆ

ಕೈಗಾಕ್ಕೋ ನೌಕಾನೆಲೆಗೋ ಕೆಲಸಕ್ಕೆಂದು ಕಾರವಾರಕ್ಕೆ ಬಂದು ಬಾಡಿಗೆ ಮನೆ ಹಿಡಿದವರು ನಮ್ಮ ಬಾಡಿಗೆದಾರರ ಸಂಘದಲ್ಲಿ ತೋಡಿಕೊಳ್ಳುವ ಗೋಳು ಒಂದಿದೆ: ‘ಮಾಲೀಕರು ಹೇಳದೆ ಕೇಳದೆ ಒಳಗೆ ಬರ್ತಾರೆ.’

ಮನೆ ನೋಡುವ ಹಕ್ಕು ಅವರಿಗಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಮಾಲೀಕರಾಗಲಿ ಅವರ ಕಡೆಯವರಾಗಲಿ ಯುಕ್ತ ಸಮಯದಲ್ಲಿ ಬಂದು ಮನೆಯ ಸ್ಥಿತಿ ನೋಡಬಹುದು. ಬಾಡಿಗೆ ಸರಿಯಾಗಿ ಕೊಡುವವರು ಅಡಚಣೆಯಿಲ್ಲದೆ ಇರಬೇಕೆನ್ನುವುದೂ ಅದೇ ಕಲಮು. ಯುಕ್ತ ಸಮಯವೆಂದರೆ ಎಷ್ಟು ಗಂಟೆ ಅಂತ ಮಾತ್ರ ಬರೆದಿಲ್ಲ. ತಕರಾರು ಹುಟ್ಟುವುದೇ ಅಲ್ಲಿ.

ಆದ್ದರಿಂದ 11 ತಿಂಗಳ ಕರಾರಿಗೆ ಸಹಿ ಹಾಕುವ ಮೊದಲೇ ಒಂದು ಸಾಲು ಸೇರಿಸಿ: 24 ಗಂಟೆ ಮುಂಚೆ ವಾಟ್ಸಾಪಿನಲ್ಲಾದರೂ ತಿಳಿಸಿ, ಹಗಲು ಹೊತ್ತಿನಲ್ಲಿ, ಮನೆಯವರು ಇರುವಾಗ ಬರಬೇಕು. ಬೆಂಕಿ, ನೆರೆಯಂಥ ತುರ್ತಿಗೆ ಈ ನಿಯಮ ಬೇಡ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲೂ 24 ಗಂಟೆಯ ಮಾತೇ ಇದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೆ, ಆದರೂ ಮಾಲೀಕರನ್ನು ಒಪ್ಪಿಸಲು ಒಳ್ಳೆಯ ಆಧಾರ. ಇನ್ನೊಂದು ಕೀಲಿ ಯಾರ ಹತ್ತಿರ ಇರುತ್ತದೆಂದೂ ಕೇಳಿಕೊಳ್ಳಿ.

ಹಾಗಂತ ಬಾಗಿಲು ಹಾಕಿಕೊಂಡು ಕೂರಬೇಡಿ. ಶಿರಸಿಯ ಹಂಚಿನ ಮನೆಯೊಂದರಲ್ಲಿ ನಾನಿದ್ದಾಗ, ಮೇ ತಿಂಗಳ ಒಂದು ಭಾನುವಾರ ಮಾಲೀಕರು ಏಣಿ ಹೊತ್ತ ಆಳಿನೊಂದಿಗೆ ಬಂದು ಮಳೆಗೆ ಮುಂಚೆ ಹಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು ಅಂದರು. ಹೇಳದೆ ಬಂದರೆಂದು ಸಿಟ್ಟಾಗಿ ವಾಪಸು ಕಳಿಸಿದೆ. ಜುಲೈನಲ್ಲಿ ಹಾಸಿಗೆಯ ಪಕ್ಕ ಬೋಗುಣಿ, ಅಡುಗೆಮನೆಯಲ್ಲಿ ಬಕೆಟ್ಟು, ಕಪಾಟಿನಲ್ಲಿದ್ದ ಹೆಂಡತಿಯ ರೇಷ್ಮೆ ಸೀರೆಗೆ ಬೂಷ್ಟು. ಆ ಮಳೆಯಲ್ಲಿ ಮಾಡು ಹತ್ತುವವರು ಸಿಕ್ಕರೆ ತಾನೆ!

ಬಂದವರನ್ನು ನೀವೇ ಕರೆದು ಸೋರುವ ಜಾಗ ತೋರಿಸಿ, ಫೋಟೊ ತೆಗೆದು ಅಂದೇ ಕಳಿಸಿ. ರಿಪೇರಿ ಮಾಲೀಕರ ಹೊಣೆಯೆಂದು ಕರಾರಿನಲ್ಲಿದ್ದು, ತಿಳಿಸಿದ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಡದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಿಲ್ಲು ಇಟ್ಟುಕೊಂಡಿರಿ. ನಿಮ್ಮಿಂದಲೇ ಆದ ಹಾನಿಯನ್ನು ಅವರು ನೋಟಿಸು ಕೊಟ್ಟು ತೋರಿಸಿದರೆ 3 ತಿಂಗಳೊಳಗೆ ನೀವು ಸರಿಪಡಿಸಬೇಕು.

ಅಂಗಳದ ತೆಂಗಿನಮರದ ವಿಷಯವನ್ನೂ ಕರಾರಿನಲ್ಲಿ ಬರೆಸಿ. ಮನೆ ನೋಡಲು ಬಂದವರಿಗಿಂತ ಕಾಯಿ ಕೊಯ್ಯಲು ಬಂದವರ ಜೊತೆ ಆದ ಜಗಳವನ್ನೇ ನಾವು ಹೆಚ್ಚು ಬಿಡಿಸಿದ್ದೇವೆ.